ಕಾಲುವೆಯ ಕೊನೆ ಭಾಗ

ಲಂಗದ ಲಾಡಿಯನ್ನು ಎಲ್ಲಿ ಕಟ್ಟಬೇಕು ಎಂಬುದು ಹದಿನಾಲ್ಕು ವರ್ಷಗಳಿಂದ ನನಗೆ ಬಗೆಹರಿಯದ ಪ್ರಶ್ನೆ. ಹೊಟ್ಟೆಯ ಮೇಲೆ ಕಟ್ಟಿದರೆ ಊಟವಾದ ಮೇಲೆ ಉಸಿರು ಹಿಡಿಯುತ್ತದೆ. ಕೆಳಗೆ ಕಟ್ಟಿದರೆ ಇಳಿಬಿದ್ದ ಹೊಟ್ಟೆಯ ಮಡಿಕೆ ಅದರ ಮೇಲೆ ಕೂತು, ಸಂಜೆ ಹೊತ್ತಿಗೆ ಸೊಂಟದ ಸುತ್ತ ಕೆಂಪು ಬರೆ ಎದ್ದಿರುತ್ತದೆ. ಏಪ್ರಿಲ್, ಮೇ ತಿಂಗಳ ದಾವಣಗೆರೆ ಬಿಸಿಲಿನಲ್ಲಿ ಆ ಮಡಿಕೆಯೊಳಗೆ ಬೆವರು ನಿಂತು ಚರ್ಮ ಕಿತ್ತುಬರುತ್ತದೆ. ಪೌಡರ್ ಉದುರಿಸಿ, ಹಳೆಯ ಪಂಚೆಯ ತುಂಡನ್ನು ಮಡಿಚಿ ಒಳಗಿಟ್ಟು, ರಾತ್ರಿ ಮುಲಾಮು ಹಚ್ಚಿ ಮಲಗುತ್ತೇನೆ. ಮಂಡಿನೋವನ್ನು ಮದುವೆಮನೆಯಲ್ಲಿ ಕೂತು ಹೇಳಿಕೊಳ್ಳಬಹುದು, ಬಿಪಿಯನ್ನು ಬಸ್ಸಿನಲ್ಲಿ ಪಕ್ಕದವರಿಗೂ ಹೇಳಬಹುದು. ಹೊಟ್ಟೆಯ ಮಡಿಕೆಯ ಹುಣ್ಣನ್ನು ಹೇಳಿಕೊಳ್ಳುವ ಜಾಗ ನಮ್ಮಲ್ಲಿ ಇಲ್ಲ.

ಹೋದ ವರ್ಷ ಬೆಂಗಳೂರಿನಲ್ಲಿರುವ ಮಗಳು ಬಚ್ಚಲಿನ ಬಾಗಿಲ ಬಳಿ ಆ ಬಟ್ಟೆ ತುಂಡು ಒಣಗಿಹಾಕಿದ್ದು ನೋಡಿ ಕೇಳಿದಳು. ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮ, ಟಮ್ಮಿ ಟಕ್ ಅಂತ ಒಂದು ಆಪರೇಷನ್ ಇದೆ. ಸಿನಿಮಾದವರು ಮಾತ್ರ ಮಾಡಿಸ್ಕೊಳ್ಳೋದಲ್ಲ. ಹೋಗಿ ಕೇಳೋಣ, ಕೇಳೋದಕ್ಕೇನು?" ಎಂದಳು. ಐವತ್ತು ವರ್ಷದವಳಿಗೆ ಇದೆಲ್ಲ ಯಾಕೆ ಎಂದು ಆ ಕ್ಷಣ ನನ್ನ ಬಾಯಿಂದಲೂ ಬಂತು. ಆಮೇಲೆ ಇಡೀ ರಾತ್ರಿ ಯೋಚಿಸಿದೆ. ಹಲ್ಲು ಕಟ್ಟಿಸಿಕೊಂಡರೆ, ಕಣ್ಣಿನ ಪೊರೆ ತೆಗೆಸಿಕೊಂಡರೆ ಯಾರೂ ವಯಸ್ಸು ಕೇಳುವುದಿಲ್ಲ. ನನ್ನ ದೇಹದ ಒಂದು ಭಾಗ ದಿನವೂ ನೋಯುತ್ತಿರುವಾಗ ಅದಕ್ಕೆ ಪರಿಹಾರ ಕೇಳುವುದು ಶೋಕಿ ಹೇಗಾಗುತ್ತದೆ? ಆ ರಾತ್ರಿ ಒಪ್ಪಿಕೊಂಡೆ. ಇವತ್ತಿಗೂ ಅದನ್ನು ಸರಿ ಎಂದೇ ನಂಬುತ್ತೇನೆ.

ನಮ್ಮ ಭಾಷೆ ಹೊಟ್ಟೆಗೆ ವಹಿಸಿದಷ್ಟು ಕೆಲಸವನ್ನು ಬೇರೆ ಯಾವ ಅಂಗಕ್ಕೂ ವಹಿಸಿಲ್ಲ. ದುಡಿಮೆ ಹೊಟ್ಟೆಪಾಡು, ಅಸೂಯೆ ಹೊಟ್ಟೆಕಿಚ್ಚು, ಇನ್ನೊಬ್ಬರ ತಪ್ಪನ್ನು ಮನ್ನಿಸುವುದೆಂದರೆ ಹೊಟ್ಟೆಗೆ ಹಾಕಿಕೊಳ್ಳುವುದು, ಹರಸುವುದೆಂದರೆ ನಿನ್ನ ಹೊಟ್ಟೆ ತಣ್ಣಗಿರಲಿ ಎನ್ನುವುದು. ಇಷ್ಟೆಲ್ಲ ಮಾತಿರುವ ಕಡೆ, ಎರಡು ಮಕ್ಕಳನ್ನು ಹೊತ್ತು ಹಿಗ್ಗಿ ಮತ್ತೆ ಹಿಂದಕ್ಕೆ ಬಾರದ ಹೊಟ್ಟೆಗೆ ಒಂದು ಗೌರವದ ಮಾತಿಲ್ಲ. 'ಹೊಟ್ಟೆ ಬಂದಿದೆ' ಎನ್ನುತ್ತಾರೆ, 'ಹೊಟ್ಟೆ ಕರಗಿಸು' ಎನ್ನುತ್ತಾರೆ. ಎರಡೂ ಊಟದ ತಟ್ಟೆಯ ಕಡೆ ಬೆರಳು ತೋರಿಸುವ ಮಾತುಗಳು. ಕರಗುವುದು ಕೊಬ್ಬು. ಹಿಗ್ಗಿ ಸಡಿಲಾದ ಚರ್ಮ ಕರಗುವುದಿಲ್ಲ. ಎದೆಗೂಡಿನಿಂದ ಕಿಬ್ಬೊಟ್ಟೆಯವರೆಗೆ ಎರಡು ಪಟ್ಟಿಗಳಂತೆ ಇಳಿಯುವ ಸ್ನಾಯುಗಳ ನಡುವಿನ ಬಿಳಿ ಪೊರೆ ಬಸಿರಿನಲ್ಲಿ ಅಗಲವಾಗಿ, ಕೆಲವರಲ್ಲಿ ಕೆಲವು ತಿಂಗಳಲ್ಲಿ ಕೂಡಿಕೊಳ್ಳುತ್ತದೆ, ಕೆಲವರಲ್ಲಿ ಹಾಗೇ ಉಳಿಯುತ್ತದೆ. ಹೊಟ್ಟೆಯೊಳಗೆ, ಕರುಳಿನ ಸುತ್ತ ಕೂತ ಕೊಬ್ಬಿನದು ಇನ್ನೊಂದೇ ಲೆಕ್ಕ. ಅದು ನಡಿಗೆಗೆ, ಊಟದ ಶಿಸ್ತಿಗೆ ಬಗ್ಗುತ್ತದೆಯೇ ಹೊರತು ಟಮ್ಮಿ ಟಕ್‌ನ ಕತ್ತರಿಗೆ ಸಿಗುವುದೇ ಇಲ್ಲ. ಇದನ್ನು ಗೊತ್ತುಮಾಡಿಕೊಳ್ಳುವುದಕ್ಕೆ ನನಗೆ ಐವತ್ತು ವರ್ಷ ಬೇಕಾಯಿತು.

ನಮ್ಮ ಹಿರಿಯ ಹೆಂಗಸರಿಗೆ ಅದು ಬೇರೆ ರೀತಿಯಲ್ಲಿ ಗೊತ್ತಿತ್ತು ಅನ್ನಿಸುತ್ತದೆ. ಬಾಣಂತನದಲ್ಲಿ ಅವ್ವ ದಿನವೂ ಎಣ್ಣೆ ನೀರಾದ ಮೇಲೆ ತನ್ನ ಹಳೆಯ ಹತ್ತಿ ಸೀರೆಯನ್ನು ಉದ್ದಕ್ಕೆ ಮಡಿಚಿ, ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಪಕ್ಕೆಯಿಂದ ಕೆಳಕ್ಕೆ ಸುತ್ತು ಸುತ್ತಾಗಿ ಹೊಟ್ಟೆ ಕಟ್ಟುತ್ತಿದ್ದಳು. "ಗಾಳಿ ಸೇರ್ಕೊಂತತಿ, ಬಿಗಿ ಹಿಡ್ಕ" ಎನ್ನುವುದು ಅವಳ ಕಾರಣ. ಗಾಳಿಯ ಮಾತು ನಿಜವಲ್ಲದಿರಬಹುದು, ಆದರೆ ಆ ಬಿಗಿತದಲ್ಲಿ ಬೆನ್ನಿಗೆ ಸಿಗುತ್ತಿದ್ದ ಆಸರೆ ನಿಜ. ಟಮ್ಮಿ ಟಕ್ ಆದವರಿಗೂ ವಾರಗಟ್ಟಲೆ ಬಿಗಿಯಾದ ಬೆಲ್ಟು ಹಾಕಿಡುತ್ತಾರೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ಆ ಬೆಲ್ಟನ್ನು ಕೈಯಲ್ಲಿ ಹಿಡಿದಾಗ ನನಗೆ ಕಾಣಿಸಿದ್ದು ಅವ್ವನ ಆ ನೀಲಿ ಅಂಚಿನ ಸೀರೆ. ಎರಡನೇ ಬಾಣಂತನದಲ್ಲಿ ಮಾತ್ರ ಅವ್ವ ಹೊಟ್ಟೆ ಕಟ್ಟಲು ಹೆದರಿದಳು. ಹೊಲಿಗೆ ಕೀವು ಕಟ್ಟಿತ್ತು.

ಆಸ್ಪತ್ರೆಗೆ ನನ್ನ ಜೊತೆ ಬಂದವರು ನಮ್ಮ ದೊಡ್ಡಣ್ಣನ ಹೆಂಡತಿ, ನನ್ನ ಅತ್ತಿಗೆ. ನನ್ನ ಮದುವೆಗೆ ಮೊದಲಿಂದ ನನ್ನ ಗುಟ್ಟುಗಳನ್ನೆಲ್ಲ ಕಾದವರು ಅವರು. ಪ್ಲಾಸ್ಟಿಕ್ ಸರ್ಜನ್ ಒಬ್ಬ ಹೆಣ್ಣುಮಗಳು, ನನಗಿಂತ ಹತ್ತು ವರ್ಷ ಚಿಕ್ಕವರಿರಬೇಕು. ನಾನು ಹೊಟ್ಟೆ ತೋರಿಸಲು ಸಿದ್ಧಳಾಗಿ ಮಲಗಿದ್ದರೆ ಅವರು ಕುರ್ಚಿ ಎಳೆದುಕೊಂಡು ಕೂತು, "ಮೊದಲು ನಿಮ್ಮ ಹೊಲಿಗೆ ಗುರುತುಗಳ ಕಥೆ ಹೇಳಿ. ಯಾವ ವರ್ಷ, ಯಾಕೆ, ಆಮೇಲೆ ಗಾಯ ಹೇಗೆ ಒಣಗಿತು. ಅವಸರ ಇಲ್ಲ" ಎಂದರು.

ನನ್ನ ಹೊಟ್ಟೆಯ ಮೇಲೆ ಮೂರು ಗೆರೆಗಳಿವೆ. ಮೊದಲನೆಯದು ಬಲಗಡೆ ಕೆಳಗೆ, ಓರೆಯಾಗಿ, ಎರಡು ಇಂಚು. ಏಳನೇ ಕ್ಲಾಸಿನಲ್ಲಿದ್ದಾಗ ಅಪೆಂಡಿಕ್ಸ್ ತೆಗೆದದ್ದು. ಅಲ್ಲಿ ಹಾಗೆ ಓರೆಯಾಗಿ, ಸ್ನಾಯುವಿನ ಎಳೆಗಳನ್ನು ಕತ್ತರಿಸದೆ ಸೀಳಿಕೊಂಡು ಹೋಗುವ ಕ್ರಮವನ್ನು ಅಮೆರಿಕದ ಮೆಕ್‌ಬರ್ನಿ ಎಂಬ ಸರ್ಜನ್ 1894ರಲ್ಲಿ ಬರೆದಿಟ್ಟರಂತೆ. ಎರಡನೆಯದು ಹೊಕ್ಕುಳಿನಿಂದ ಕೆಳಕ್ಕೆ ನೇರವಾಗಿ ಇಳಿಯುವ ಗೆರೆ. 1999ರಲ್ಲಿ ನಡುರಾತ್ರಿ, ಮಗುವಿನ ಎದೆಬಡಿತ ಇಳಿಯುತ್ತಿದೆ ಎಂದು ಅವಸರದಲ್ಲಿ ಕೊಯ್ದು ಮಗಳನ್ನು ಹೊರತೆಗೆದದ್ದು. 2003ರಲ್ಲಿ ಅದೇ ಗೆರೆಯನ್ನು ಮತ್ತೆ ತೆರೆದು ಮಗನನ್ನು ತೆಗೆದದ್ದು. ನನ್ನ ತಂಗಿಗೂ ಸಿಜೇರಿಯನ್ನೇ ಆಯಿತು, ಆದರೆ ಅವಳದು ಕೆಳಗೆ ಅಡ್ಡಗೆರೆ, ಸೀರೆಯ ಒಳಗೆ ಯಾರಿಗೂ ಕಾಣದು. ಆ ಅಡ್ಡಗೆರೆಯನ್ನು 1900ರಲ್ಲಿ ವಿವರಿಸಿದವರು ಜರ್ಮನಿಯ ಫಾನ್ನೆನ್‌ಸ್ಟೀಲ್ ಎಂಬ ಹೆರಿಗೆ ವೈದ್ಯರು. ಆಪರೇಷನ್ ಮಾಡುವಾಗ ಬೆರಳಿಗಾದ ಗಾಯ ನಂಜಾಗಿ 1909ರಲ್ಲಿ, ಇನ್ನೂ ಐವತ್ತು ತುಂಬುವ ಮೊದಲೇ ತೀರಿಕೊಂಡರು. ಕೋಟ್ಯಂತರ ಹೆಂಗಸರ ಹೊಟ್ಟೆಯ ಮೇಲೆ ಅವರ ಗೆರೆಯಿದೆ. ನಮ್ಮ ರಾಜ್ಯದಲ್ಲೇ 2019ರಿಂದ 2021ರವರೆಗಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನೂರರಲ್ಲಿ 31.5 ಹೆರಿಗೆಗಳು ಸಿಜೇರಿಯನ್. ಅಂದರೆ ಮೂರರಲ್ಲಿ ಒಬ್ಬ ತಾಯಿಗೆ, ಹೆಚ್ಚುಕಡಿಮೆ.

ಮೂರನೆಯ ಗೆರೆ ಬಲಗಡೆ ಪಕ್ಕೆಲುಬಿನ ಕೆಳಗೆ, ಪಕ್ಕೆಯ ಓಟವನ್ನೇ ಹಿಡಿದು ಓರೆಯಾಗಿ ಹೋಗಿದೆ. 2011ರಲ್ಲಿ ಪಿತ್ತಕೋಶದ ಕಲ್ಲಿಗೆ ದುರ್ಬೀನಿನ ಆಪರೇಷನ್ ಅಂತ ಒಳಗೆ ಹೋದೆ. ಒಳಗೆಲ್ಲ ಅಂಟಿಕೊಂಡಿದ್ದರಿಂದ ಅರ್ಧಕ್ಕೆ ನಿಲ್ಲಿಸಿ ಹೊಟ್ಟೆ ತೆರೆದರು. ಈ ಗೆರೆಗೆ ಸ್ವಿಟ್ಜರ್ಲೆಂಡಿನ ಥಿಯೋಡೋರ್ ಕೋಖರ್ ಎಂಬವರ ಹೆಸರಿದೆ. ಥೈರಾಯ್ಡ್ ಕೆಲಸಕ್ಕಾಗಿ ಅವರಿಗೆ ನೊಬೆಲ್ ಬಂದದ್ದು 1909ರಲ್ಲಿ, ಆ ಹೆರಿಗೆ ವೈದ್ಯರು ತೀರಿಕೊಂಡ ವರ್ಷವೇ. ನನ್ನ ಮೂರು ಗೆರೆಗಳಲ್ಲಿ ನಾನು ಅತ್ಯಂತ ಕಡಿಮೆ ಯೋಚಿಸಿದ್ದು ಈ ಮೂರನೆಯದರ ಬಗ್ಗೆ. ರವಿಕೆ ಮುಚ್ಚುವ ಜಾಗಕ್ಕೆ ಹತ್ತಿರ, ಚೆನ್ನಾಗಿ ಒಣಗಿದೆ, ತೊಂದರೆ ಕೊಟ್ಟಿಲ್ಲ. ಡಾಕ್ಟರಮ್ಮ ಬೆರಳಿಟ್ಟು ನಿಂತದ್ದು ಅದರ ಮೇಲೆಯೇ.

"ಅಪೆಂಡಿಕ್ಸ್ ಗುರುತು ಹೇಗೂ ನಾವು ಕತ್ತರಿಸಿ ತೆಗೆಯೋ ಚರ್ಮದಲ್ಲೇ ಇದೆ. ಉದ್ದಗೆರೆಯೂ ಬಹುಪಾಲು ಅದರಲ್ಲೇ ಹೋಗುತ್ತೆ. ಇದು ಮಾತ್ರ ನನಗೆ ಯೋಚನೆ," ಎಂದು ಅವರು ಒಂದು ಹಾಳೆ ತೆಗೆದುಕೊಂಡು ಚಿತ್ರ ಬರೆದರು.

ಪೂರ್ತಿ ಟಮ್ಮಿ ಟಕ್ ಎಂದರೆ ಏನು ಮಾಡುತ್ತಾರೆಂದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ. ಕಿಬ್ಬೊಟ್ಟೆಯ ಕೆಳಗೆ ಒಂದು ಸೊಂಟದ ಮೂಳೆಯಿಂದ ಇನ್ನೊಂದು ಸೊಂಟದ ಮೂಳೆಯವರೆಗೆ ಕೊಯ್ಯುತ್ತಾರೆ. ಹೊಕ್ಕುಳಿನ ಸುತ್ತ ದುಂಡಗೆ ಕೊಯ್ದು ಅದನ್ನು ಅದರ ತೊಟ್ಟಿನ ಮೇಲೇ ಬಿಡುತ್ತಾರೆ. ಉಳಿದ ಚರ್ಮವನ್ನೂ ಅದರಡಿಯ ಕೊಬ್ಬನ್ನೂ ಕಂಬಳಿ ಎತ್ತಿದ ಹಾಗೆ ಸ್ನಾಯುವಿನಿಂದ ಬಿಡಿಸುತ್ತ ಪಕ್ಕೆಲುಬಿನವರೆಗೆ ಹೋಗುತ್ತಾರೆ. ಅಗಲವಾದ ಸ್ನಾಯುಗಳನ್ನು ನಡುವಿಗೆ ಎಳೆದು ಹೊಲಿಯುತ್ತಾರೆ. ಆಮೇಲೆ ಆ ಚರ್ಮವನ್ನು ಕೆಳಕ್ಕೆ ಎಳೆದು, ಹೆಚ್ಚಾದದ್ದನ್ನು ಕತ್ತರಿಸಿ, ಹೊಕ್ಕುಳಿಗೆ ಹೊಸ ಕಿಂಡಿ ಮಾಡಿ ಹೊಲಿಯುತ್ತಾರೆ. ಹಳೆಯ ಗೆರೆಗಳ ಜಾಗದಲ್ಲಿ ಒಂದು ಉದ್ದನೆಯ ಗೆರೆ ಉಳಿಯುತ್ತದೆ ಎಂದುಕೊಂಡರೂ, ಗೆರೆ ಇಲ್ಲದ ಹೊಟ್ಟೆಯಂತೂ ಬರುವುದಿಲ್ಲ. ನನ್ನ ಉದ್ದಗೆರೆ ಹುರಿ ಹಗ್ಗದ ಹಾಗೆ ಉಬ್ಬಿ ದಪ್ಪಗಾಗಿದೆಯಲ್ಲ, ಹೊಸದೂ ಹಾಗೇ ಆಗುವ ಸಂಭವ ಹೆಚ್ಚು ಎಂದೂ ಹೇಳಿದರು. ಹಳೆಯ ಗಾಯ ಒಣಗಿದ ರೀತಿಯೇ ಮುಂದಿನ ಗಾಯದ ಜಾತಕ.

ಹಾಗೆ ಬಿಡಿಸಿ ಎತ್ತಿದ ಚರ್ಮ ಬದುಕುವುದು ಹೇಗೆ? ಹೊಟ್ಟೆಯ ಚರ್ಮಕ್ಕೆ ರಕ್ತ ಮೂರು ಕಡೆಯಿಂದ ಬರುತ್ತದೆ ಎಂದು 1979ರಲ್ಲಿ ಹ್ಯೂಗರ್ ಎಂಬ ಸರ್ಜನ್ ಗುರುತುಮಾಡಿದರು. ನೇರ ಕೆಳಗಿನ ಸ್ನಾಯುವಿನೊಳಗಿಂದ ಮೇಲೇಳುವುದು ಒಂದು, ತೊಡೆಸಂದಿನ ಕಡೆಯಿಂದ ಹತ್ತುವುದು ಇನ್ನೊಂದು, ಪಕ್ಕೆಗಳ ಕಡೆಯಿಂದ ಓರೆಯಾಗಿ ಇಳಿದು ಬರುವುದು ಮೂರನೆಯದು. ಟಮ್ಮಿ ಟಕ್‌ನಲ್ಲಿ ಮೊದಲ ಎರಡೂ ಕತ್ತರಿಸಿ ಹೋಗುತ್ತವೆ. ಚರ್ಮವೆಲ್ಲ ಪಕ್ಕೆಯ ಕಡೆಯ ರಕ್ತವನ್ನೇ ನಂಬಿ ಕೂರಬೇಕು. ನನ್ನ ಬಲಪಕ್ಕೆಯಲ್ಲಿ ಆ ದಾರಿಗಳನ್ನು 2011ರ ಗೆರೆ ಅಡ್ಡಕ್ಕೆ ಕೊಯ್ದಿದೆ.

ನಮ್ಮ ತವರಿನ ಗದ್ದೆ ಮಲೇಬೆನ್ನೂರು ಕಡೆ, ಭದ್ರಾ ನಾಲೆಯ ಕೊನೆ ಭಾಗದಲ್ಲಿದೆ. ಕೊನೆ ಭಾಗದ ರೈತರು ಎಂದರೆ ಏನೆಂದು ನಮ್ಮ ಜಿಲ್ಲೆಯವರಿಗೆ ವಿವರಿಸಬೇಕಿಲ್ಲ. ಅಣೆಕಟ್ಟಿನಲ್ಲಿ ನೀರಿದ್ದರೂ, ನಾಲೆಗೆ ಬಿಟ್ಟಿದ್ದಾರೆಂದು ಪೇಪರಿನಲ್ಲಿ ಬಂದರೂ, ಮೇಲೆ ಎಲ್ಲೋ ದಂಡೆ ಕುಸಿದರೆ, ಹೂಳು ತುಂಬಿದರೆ, ಪಂಪ್‌ಸೆಟ್ ಇಟ್ಟು ಎತ್ತಿದರೆ ನಮ್ಮ ಭತ್ತ ಹಾಲುಗಟ್ಟುವ ಹೊತ್ತಿಗೆ ನೆಲ ಬಿರಿದಿರುತ್ತದೆ. ಅಪ್ಪ ರಾತ್ರಿ ಲಾಟೀನು ಹಿಡಿದು ತೂಬಿನ ಬಳಿ ಕಾಯುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಡಾಕ್ಟರಮ್ಮನ ಚಿತ್ರ ನೋಡಿದ್ದೇ, "ಹಾಗಾದ್ರೆ ಈ ಗೆರೆಗೂ ಹೊಸ ಹೊಲಿಗೆಗೂ ನಡುವಿನ ಚರ್ಮ ಕೊನೆ ಭಾಗದ ಗದ್ದೆ ಆಯ್ತಲ್ಲ ಡಾಕ್ಟ್ರೇ" ಎಂದೆ. ಅವರು ಪೆನ್ನು ಕೆಳಗಿಟ್ಟು, "ಅದೇ. ಅದು ಕಪ್ಪಾಗಿ ಸತ್ತುಹೋದರೆ ತಿಂಗಳುಗಟ್ಟಲೆ ಗಾಯ ತೊಳೆದು ಕಟ್ಟಬೇಕಾಗುತ್ತೆ, ಕೆಲವೊಮ್ಮೆ ಬೇರೆ ಕಡೆಯ ಚರ್ಮ ತಂದು ಹಾಕಬೇಕಾಗುತ್ತೆ" ಎಂದರು. ಆ ಗಳಿಗೆಯಿಂದ ನನಗೆ ಭಯವೂ ಬಂತು, ವಿಷಯವೂ ಅರ್ಥವಾಯಿತು.

ತೊಟ್ಟು ಎಂದೆನಲ್ಲ, ಅದರ ಬಗ್ಗೆ ಒಂದು ಸಂಗತಿ ಹೇಳಬೇಕು. ಚರ್ಮವನ್ನು ತೊಟ್ಟಿನ ಮೇಲೆ ಬದುಕಿಸುವ ವಿದ್ಯೆ ಲಂಡನ್ನಿಗೆ ತಲುಪಿದ ದಾರಿಯಲ್ಲಿ ನಮ್ಮ ಮೈಸೂರಿನ ಯುದ್ಧವೂ ಇದೆ. 1792ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕಾವಸ್‌ಜೀ ಎಂಬಾತ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಒಂದು ವರ್ಷ ಮೂಗಿಲ್ಲದೆ ಕಳೆದ ಮೇಲೆ ಪುಣೆಯ ಹತ್ತಿರ ಒಬ್ಬ ದೇಶೀ ವೈದ್ಯ ಅವನ ಹಣೆಯ ಚರ್ಮವನ್ನು ಮೂಗಿನ ಅಳತೆಗೆ ಬಿಡಿಸಿ, ಹುಬ್ಬುಗಳ ನಡುವೆ ಒಂದು ತೊಟ್ಟನ್ನು ಮಾತ್ರ ಉಳಿಸಿ, ಕೆಳಕ್ಕೆ ತಿರುಗಿಸಿ ಕೂರಿಸಿದ. ಗಾಯಕ್ಕೆ ಹಚ್ಚಿದ್ದು ಕಾಚು, ನಾವು ವೀಳ್ಯದೆಲೆಗೆ ಹಾಕುವ ಅದೇ ಕಾಚು. ಹೊಸ ಜಾಗದಲ್ಲಿ ಬೇರುಬಿಡುವವರೆಗೆ, ಸುಮಾರು ಇಪ್ಪತ್ತೈದು ದಿನ, ಆ ತೊಟ್ಟನ್ನು ಮುಟ್ಟಲಿಲ್ಲ. 1794ರಲ್ಲಿ ಇದು ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಝೀನ್‌ನಲ್ಲಿ ಚಿತ್ರ ಸಮೇತ ಅಚ್ಚಾಯಿತು. ಅದನ್ನು ಓದಿದ ಕಾರ್ಪ್ಯೂ ಎಂಬ ಸರ್ಜನ್ 1814ರಲ್ಲಿ ಅಲ್ಲಿ ಅದೇ ಕ್ರಮವನ್ನು ಮಾಡಿನೋಡಿದರು. ಕೆನ್ನೆಯ ಚರ್ಮದಿಂದ ಮೂಗು ಕಟ್ಟುವುದನ್ನು ಸುಶ್ರುತ ಎಷ್ಟೋ ಶತಮಾನ ಮೊದಲೇ ಹೇಳಿದ್ದ. ಹೆಸರೂ ಉಳಿಯದ ಆ ಪುಣೆಯ ವೈದ್ಯನನ್ನು ನೆನೆದರೆ ನನ್ನ ಕೈಗಳು ತಾವಾಗಿ ಕೂಡಿಕೊಳ್ಳುತ್ತವೆ. ಚರ್ಮ ಎಲ್ಲಿ ಬೇಕಾದರೂ ತಿರುಗುತ್ತದೆ, ತೊಟ್ಟು ಮಾತ್ರ ಜೀವಂತವಾಗಿರಬೇಕು ಎನ್ನುವುದನ್ನು ಅವನು ಕೈಯಲ್ಲಿ ತಿಳಿದಿದ್ದ.

ಡಾಕ್ಟರಮ್ಮ ನನ್ನನ್ನು ಮಲಗಿಸಿ, "ಕೆಮ್ಮಿ" ಎಂದರು. "ಕೈ ಊರದೆ ತಲೆ ಎತ್ತಿ" ಎಂದರು. ಹೊಕ್ಕುಳಿನ ಕೆಳಗೆ, ಉದ್ದಗೆರೆಯ ಮೇಲ್ತುದಿಯಲ್ಲಿ ಒಂದು ಉಂಡೆ ಎದ್ದಿತು. ನಾನು ಅದನ್ನು ವರ್ಷಗಟ್ಟಲೆ ಕೊಬ್ಬು ಎಂದುಕೊಂಡಿದ್ದೆ. ಸಿಟಿ ಸ್ಕ್ಯಾನ್ ಮಾಡಿದಾಗ ತಿಳಿದದ್ದು, ಹಳೆಯ ಹೊಲಿಗೆ ಒಳಗೆ ಬಾಯಿಬಿಟ್ಟು ಕರುಳಿನ ಒಂದು ಸುತ್ತು ಚರ್ಮದ ಕೆಳಗೆ ಬಂದು ಕೂತಿದೆ ಎಂದು. ಹರ್ನಿಯಾ. ಕೀವು ಕಟ್ಟಿದ ಹೊಲಿಗೆಗಳಲ್ಲಿ ಹೀಗಾಗುವುದು ಹೆಚ್ಚಂತೆ.

ಇಲ್ಲಿ ನಾನು ಒಂದು ವಿಷಯವನ್ನು ಒತ್ತಿ ಹೇಳಲೇಬೇಕು. ಅದಕ್ಕೂ ಎರಡು ತಿಂಗಳ ಹಿಂದೆ, ನಮ್ಮ ಕಡೆಯದೇ ಒಂದು ಬ್ಯೂಟಿ ಕ್ಲಿನಿಕ್ಕಿನಲ್ಲಿ, ಸೂಜಿಯಂಥ ಕೊಳವೆ ಹಾಕಿ ಕೊಬ್ಬು ಹೀರಿ ತೆಗೆಯುತ್ತೇವೆ, ಬೆಳಿಗ್ಗೆ ಬಂದರೆ ಸಂಜೆ ಮನೆಗೆ ಎಂದು ನನಗೆ ಹೇಳಿದ್ದರು. ಹೊಟ್ಟೆ ಮುಟ್ಟಿನೋಡಲಿಲ್ಲ, ಗುರುತುಗಳ ಬಗ್ಗೆ ಕೇಳಲಿಲ್ಲ, ಮುಂಗಡ ಎಷ್ಟು ಕೊಡುತ್ತೀರಿ ಎಂದು ಕೇಳಿದರು. ಹರ್ನಿಯಾ ಇರುವುದು ತಿಳಿಯದೆ ಆ ಕೊಳವೆ ಹಾಕಿದ್ದರೆ ಅದು ಕರುಳನ್ನೇ ಚುಚ್ಚಬಹುದಿತ್ತು. ಕರುಳು ತೂತಾದರೆ ಪ್ರಾಣಕ್ಕೇ ಬರುತ್ತದೆ. ಹೊಟ್ಟೆಯ ಮೇಲೆ ಹಳೆಯ ಹೊಲಿಗೆ ಇರುವವರು, ಅದು ಎಷ್ಟೇ ಚಿಕ್ಕದಿರಲಿ, ಮಲಗಿಸಿ ಕೆಮ್ಮಿಸಿ ನೋಡದವರ ಕೈಗೆ ಹೊಟ್ಟೆ ಕೊಡಬಾರದು.

ಎಷ್ಟೋ ಹೆಂಗಸರಿಗೆ ತಮ್ಮ ಗೆರೆಯ ಕಥೆಯೇ ಗೊತ್ತಿರುವುದಿಲ್ಲ ಎನ್ನುವುದು ನನ್ನನ್ನು ಬಹಳ ಕಾಡುತ್ತದೆ. ನಮ್ಮ ಓಣಿಯ ಹಿರಿಯರಲ್ಲಿ ಅರ್ಧ ಜನ 'ಒಳಗಿಂದು ಏನೋ ತೆಗ್ದರು' ಎನ್ನುತ್ತಾರೆ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳಿಗೆ ಬಿಳಿಮುಟ್ಟು, ಹೊಟ್ಟೆನೋವು ಎಂದು ಹೋದರೆ ಕ್ಯಾನ್ಸರ್ ಹೆದರಿಕೆ ಹುಟ್ಟಿಸಿ ಗರ್ಭಕೋಶವನ್ನೇ ತೆಗೆದದ್ದು 2015ರ ಹೊತ್ತಿಗೆ ಹೊರಬಂತು, ಆಮೇಲೆ ಆ ಹೆಣ್ಣುಮಕ್ಕಳೇ ಬೀದಿಗಿಳಿದು ಕೇಳಿದರು. ಅಂಥ ಗೆರೆಗೆ ಚೀಟಿಯೂ ಇರುವುದಿಲ್ಲ, ಡಿಸ್ಚಾರ್ಜ್ ಹಾಳೆಯೂ ಇರುವುದಿಲ್ಲ. ನನ್ನ ಹತ್ತಿರವೂ 2003ರ ಕಾಗದ ಇರಲಿಲ್ಲ. ಅವ್ವನಿಗೆ ಫೋನ್ ಮಾಡಿ, ಎಷ್ಟು ದಿನ ಕೀವು ಬಂತು, ಯಾವ ಹೊಲಿಗೆ ಬಿಟ್ಟಿತ್ತು ಎಂದು ಕೇಳಿ ಬರೆದುಕೊಂಡೆ. ಎಪ್ಪತ್ತೆಂಟರ ಅವ್ವ ಒಂದೊಂದು ದಿನವನ್ನೂ ಹೇಳಿದಳು.

ಆಮೇಲೆ ಶುರುವಾದದ್ದು ರಕ್ತದ ಲೆಕ್ಕ. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ನನಗೆ 8.9 ಇತ್ತು. "7.5ಕ್ಕಿಂತ ಕೆಳಗೆ ತನ್ನಿ, ಆಮೇಲೆ ಕತ್ತಿ ಹಿಡೀತೀನಿ" ಎಂದರು. ಸಕ್ಕರೆ ಹೆಚ್ಚಿದ್ದರೆ ಗಾಯ ಕೂಡುವುದು ನಿಧಾನ, ಕೀವು ಬೇಗ. ಹಿಮೋಗ್ಲೋಬಿನ್ 9.8. ನಮ್ಮ ದೇಶದಲ್ಲಿ ಹದಿನೈದರಿಂದ ನಲವತ್ತೊಂಬತ್ತರ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತ ಕಡಿಮೆ ಎಂದು ಅದೇ ಸಮೀಕ್ಷೆ ಹೇಳುತ್ತದೆ. ನಾವು ಸುಸ್ತನ್ನೇ ಸ್ವಭಾವ ಎಂದುಕೊಂಡು ಬದುಕುತ್ತೇವೆ. ತಂಗಿ ಕೊಟ್ಟಿದ್ದ ಬೆಳ್ಳುಳ್ಳಿ ಕ್ಯಾಪ್ಸೂಲನ್ನು ಹೇಳಬೇಕು ಅಂತಲೇ ನನಗೆ ಹೊಳೆದಿರಲಿಲ್ಲ, ಅದು ರಕ್ತ ತೆಳುಮಾಡುತ್ತದೆ ಎಂದು ನಿಲ್ಲಿಸಿದರು.

"ಮನೆಯಲ್ಲಿ ಯಾರಿಗಾದರೂ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತಾ?" ಎಂದು ಕೇಳಿದಾಗ ನಾನು ಇಲ್ಲ ಎಂದೆ. ಅತ್ತಿಗೆ ತಡೆದರು. "ಮಾವನವ್ರಿಗೆ ಕಾಲು ಬಾತಿತ್ತಲ್ಲ, ಹುಬ್ಬಳ್ಳಿಗೆ ಕರ್ಕೊಂಡು ಹೋಗಿ ಹೊಟ್ಟೆಗೆ ಚುಚ್ಚೋ ಇಂಜೆಕ್ಷನ್ ಹಾಕ್ಸಿದ್ವಿ, ಮರೆತ್ಯಾ?" ನಾವೆಲ್ಲ ಅದನ್ನು ಕಾಲುಬಾವು ಎಂದೇ ಕರೆಯುತ್ತಿದ್ದೆವು. ಡಾಕ್ಟರಮ್ಮ ಒಂದು ಪಟ್ಟಿಯಲ್ಲಿ ಅಂಕ ಹಾಕುತ್ತಿದ್ದರು, ಕ್ಯಾಪ್ರಿನಿ ಎನ್ನುವವರ ಹೆಸರಿನ ಪಟ್ಟಿ. ನಲವತ್ತು ದಾಟಿದ ವಯಸ್ಸಿಗೆ ಒಂದು ಅಂಕ, ಮುಕ್ಕಾಲು ಗಂಟೆ ಮೀರುವ ದೊಡ್ಡ ಆಪರೇಷನ್‌ಗೆ ಎರಡು, ಹೆಚ್ಚಿದ ತೂಕಕ್ಕೆ ಒಂದು. ಮನೆತನದಲ್ಲಿ ರಕ್ತ ಹೆಪ್ಪುಗಟ್ಟಿದ್ದಕ್ಕೆ ಒಂದೇ ಸಲ ಮೂರು. ಹೊಟ್ಟೆಯ ಸ್ನಾಯು ಬಿಗಿದಾಗ ಒಳಗಿನ ಒತ್ತಡ ಏರಿ ಕಾಲಿನಿಂದ ರಕ್ತ ಮೇಲೆ ಬರುವುದು ನಿಧಾನವಾಗುತ್ತದೆ, ಕಾಲಿನ ಗಡ್ಡೆ ಪುಪ್ಪುಸಕ್ಕೆ ಹೋದರೆ ಜೀವಕ್ಕೆ ಅಪಾಯ. ಅದಕ್ಕೇ ಆಪರೇಷನ್ ಆದ ದಿನವೇ ಎಬ್ಬಿಸಿ, ಸೊಂಟ ಬಗ್ಗಿಸಿಕೊಂಡಾದರೂ ನಡೆಸುತ್ತಾರೆ. ಅಪ್ಪನ ಕಾಲನ್ನು ಅತ್ತಿಗೆ ನೆನೆಯದಿದ್ದರೆ ನನಗೆ ಆ ಮೂರು ಅಂಕಗಳು ಬೀಳುತ್ತಿರಲಿಲ್ಲ, ರಕ್ತ ತೆಳುಮಾಡುವ ಇಂಜೆಕ್ಷನ್ ಬೇಕೇ ಬೇಡವೇ ಎನ್ನುವ ಲೆಕ್ಕ ತಪ್ಪುತ್ತಿತ್ತು.

ಮುಂದಿನ ಪ್ರಶ್ನೆ, "ಸಿಗರೇಟು, ತಂಬಾಕು?" ಅತ್ತಿಗೆಯೇ ನನ್ನ ಪರವಾಗಿ, "ನಮ್ಮನೇಲಿ ಹೆಂಗಸ್ರು ಅಂಥದ್ದೆಲ್ಲ ಮುಟ್ಟಲ್ಲ ಡಾಕ್ಟ್ರೇ" ಎಂದರು. ಡಾಕ್ಟರಮ್ಮ ಅವರ ಕಡೆ ನೋಡಿ ಬಹಳ ಮೃದುವಾಗಿ, "ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕ್ತೀರಾ ಅಮ್ಮ?" ಎಂದರು. ಅತ್ತಿಗೆ ಮೂವತ್ತು ವರ್ಷಗಳಿಂದ ಹಾಕುತ್ತಾರೆ. ಕಡ್ಡಿಪುಡಿಯ ಚಿಕ್ಕ ಸ್ಟೀಲ್ ಡಬ್ಬಿ ಅವರ ಚೀಲದಲ್ಲೇ ಇತ್ತು. ಹೊಗೆಯಾಗಿ ಹೋದರೂ ಒಂದೇ, ದವಡೆಯಲ್ಲಿ ಇಟ್ಟರೂ ಒಂದೇ, ನಿಕೋಟಿನ್ ರಕ್ತನಾಳಗಳನ್ನು ಕಿರಿದು ಮಾಡುತ್ತದೆ. ಕೊನೆ ಭಾಗದ ಗದ್ದೆಗೆ ಬರುವ ಇಷ್ಟು ನೀರಿಗೂ ತೂಬು ಮುಚ್ಚಿದ ಹಾಗೆ. ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು. ನಮ್ಮ ಕಡೆ ಸಾವಿರಾರು ಹೆಂಗಸರು ಸಿಗರೇಟಿನ ಪ್ರಶ್ನೆಗೆ ಇಲ್ಲ ಎಂದು ಪ್ರಾಮಾಣಿಕವಾಗಿ ಹೇಳಿ, ಬಾಯಲ್ಲಿ ಹೊಗೆಸೊಪ್ಪಿಟ್ಟುಕೊಂಡೇ ಆಪರೇಷನ್ ಮೇಜಿಗೆ ಹೋಗುತ್ತಾರೆ. ಪ್ರಶ್ನೆಯನ್ನು ನಮ್ಮ ಮಾತಿನಲ್ಲಿ ಕೇಳಬೇಕು ಎಂದು ತಿಳಿದಿದ್ದ ಆ ಡಾಕ್ಟರಮ್ಮನ ಮೇಲೆ ನನಗೆ ಅವತ್ತೇ ನಂಬಿಕೆ ಕೂತಿತು. ವಾಪಸು ಬರುವಾಗ ರೈಲಿನಲ್ಲಿ ತುಮಕೂರು ದಾಟುವವರೆಗೂ ಅತ್ತಿಗೆ ಮಾತಾಡಲಿಲ್ಲ. ಆಮೇಲೆ ನನ್ನ ಕಡೆ ಬಗ್ಗಿ, ತಮ್ಮ ಹೊಕ್ಕುಳಿನ ಬಳಿಯೂ ಕೆಮ್ಮಿದರೆ ಏಳುವ ಒಂದು ಉಂಡೆ ಇದೆ, ಆರು ವರ್ಷವಾಯಿತು, ಅಣ್ಣನಿಗೂ ಹೇಳಿಲ್ಲ ಎಂದರು.

ನನ್ನ ಮಟ್ಟಿಗೆ ಕೊನೆಗೆ ನಿಂತ ಮಾತು ಇದು. ಪೂರ್ತಿ ಟಮ್ಮಿ ಟಕ್ ನನಗೆ ಇಲ್ಲ. ಮೇಲ್ಭಾಗದ ಚರ್ಮವನ್ನು ಪಕ್ಕೆಯವರೆಗೆ ಬಿಡಿಸುವುದಿಲ್ಲ, ಕೊಬ್ಬು ಹೀರುವುದಿಲ್ಲ. ಹರ್ನಿಯಾದ ಬಾಯಿಯನ್ನು ಜಾಲರಿ ಇಟ್ಟು ಮುಚ್ಚುವುದು, ಇಳಿಬಿದ್ದ ಮಡಿಕೆಯನ್ನಷ್ಟೇ ತೆಗೆಯುವುದು. ಎರಡನ್ನೂ ಒಟ್ಟಿಗೆ ಮಾಡಿದರೆ ಗಾಯದ ತೊಂದರೆ ಹೆಚ್ಚು, ಸಕ್ಕರೆ ಇಳಿದದ್ದು ನೋಡಿ ಒಟ್ಟಿಗೋ ಬೇರೆಬೇರೆಯೋ ಎಂದು ಹೇಳುತ್ತೇನೆ ಎಂದಿದ್ದಾರೆ. ಮೇಲಿನ ಹೊಟ್ಟೆ ಹೀಗೇ ಉಬ್ಬಿರುತ್ತದೆ. ಫೋಟೋದಲ್ಲಿ ಮೊದಲು-ಆಮೇಲೆ ಎಂದು ತೋರಿಸುವಂಥ ಹೊಟ್ಟೆ ನನಗೆ ಬರುವುದಿಲ್ಲ. ಲಾಡಿ ಕಟ್ಟಲು ಒಂದು ಜಾಗ ಸಿಗುತ್ತದೆ, ಹುಣ್ಣು ನಿಲ್ಲುತ್ತದೆ. ನನಗೆ ಬೇಕಿದ್ದದ್ದು ಅದೇ ಎಂದು ಯೋಚಿಸಿದಷ್ಟೂ ಗಟ್ಟಿಯಾಗುತ್ತಿದೆ. ಹರ್ನಿಯಾಕ್ಕೆ ವಿಮೆಯವರು ಕೊಡುತ್ತಾರೆ. ಅಂದಕ್ಕಾಗಿ ಮಾಡುವ ಸರ್ಜರಿಗೆ ಇಲ್ಲ ಎಂದು ಪಾಲಿಸಿಯಲ್ಲೇ ಬರೆದಿರುತ್ತದೆ, ಆದ್ದರಿಂದ ಮಡಿಕೆಯ ಖರ್ಚು ಕೈಯಿಂದಲೇ. ಆಪರೇಷನ್ ಆದ ಮೇಲೆ ಆರು ವಾರ ಕೊಡ ಎತ್ತುವಂತಿಲ್ಲ, ಕುಕ್ಕರ್ ಕೂಡ ಎತ್ತುವಂತಿಲ್ಲ. ಮಗ ಅಡುಗೆ ಕಲಿಯುತ್ತಿದ್ದಾನೆ, ಸಾರಿನವರೆಗೆ ಬಂದಿದ್ದಾನೆ.

ಒಂದು ಮಾತು ಮಾತ್ರ ನನಗೆ ನುಂಗಲು ಕಷ್ಟವಾಯಿತು. ಹರ್ನಿಯಾ ಹೊಕ್ಕುಳಿನ ಬುಡಕ್ಕೇ ಬಂದಿದೆ, ಅದನ್ನು ಮುಚ್ಚುವಾಗ ಹೊಕ್ಕುಳಿನ ತೊಟ್ಟಿಗೆ ರಕ್ತ ಉಳಿಯದೆ ಹೋಗಬಹುದು, ಆಗ ಹೊಕ್ಕುಳನ್ನೇ ತೆಗೆಯಬೇಕಾಗುತ್ತದೆ ಎಂದಿದ್ದರು. ಅದನ್ನು ಅವ್ವನಿಗೆ ಹೇಗೆ ಹೇಳುವುದೆಂದು ಎರಡು ದಿನ ಒದ್ದಾಡಿದೆ. ಅವಳ ಒಡಲಿಗೂ ನನಗೂ ಇದ್ದ ಗಂಟಿನ ಗುರುತು ಅದು. ಕಡೆಗೆ ಊರಿಗೆ ಹೋಗಿ, ಪಕ್ಕದಲ್ಲಿ ಕೂತು, ಕೈ ಹಿಡಿದುಕೊಂಡು ಹೇಳಿದೆ. ಅವ್ವ ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತಿ, "ಅದರ ಕೆಲ್ಸ ಹುಟ್ಟಿದ ವಾರಕ್ಕೇ ಮುಗೀತಲ್ಲ, ಒಣಗಿ ಬಿದ್ದಿದ್ದು ನಾನೇ ಎತ್ತಿ ತೆಂಗಿನ ಬುಡಕ್ಕೆ ಹುಗ್ದೀನಿ. ನೀ ಉಳಿ ಅಷ್ಟು ಸಾಕು" ಎಂದಳು. ಹಿತ್ತಲಿಗೆ ಹೋಗಿ ಆ ತೆಂಗಿನ ಮರವನ್ನು ನೋಡಿಬಂದೆ. ಈ ಸಲ ನಾಲೆ ನೀರು ಕೊನೆಯವರೆಗೂ ಬಂದಿತ್ತು, ಗದ್ದೆ ಹಸಿರಾಗಿತ್ತು.

ಮೂರು ತಿಂಗಳಾಯಿತು. ಸಂಜೆ ಒಂದು ಗಂಟೆ ನಡೆಯುತ್ತೇನೆ, ರಾತ್ರಿ ಅನ್ನದ ಬದಲು ಒಂದೇ ರೊಟ್ಟಿ, ಜೊತೆಗೆ ಪಲ್ಯ. ಎಚ್‌ಬಿಎ1ಸಿ 7.8ಕ್ಕೆ ಇಳಿದಿದೆ, ಹಿಮೋಗ್ಲೋಬಿನ್ 11 ಮುಟ್ಟಿದೆ. ಇನ್ನೊಂದು ತಿಂಗಳಿಗೆ ಮತ್ತೆ ಬೆಂಗಳೂರಿಗೆ ಹೋಗಬೇಕು. ಈ ಸಲ ಅತ್ತಿಗೆಯ ಹೆಸರಿನಲ್ಲೂ ಒಂದು ಚೀಟಿ ಬರೆಸಿದ್ದೇವೆ. ಮೊನ್ನೆ ಅವರ ಮನೆಗೆ ಹೋದಾಗ ತಟ್ಟೆಯಲ್ಲಿ ಎಲೆಯೂ ಸುಣ್ಣವೂ ಇದ್ದವು. ಕಡ್ಡಿಪುಡಿಯ ಆ ಸ್ಟೀಲ್ ಡಬ್ಬಿಯನ್ನು ತೆರೆದು ನನ್ನ ಮೂಗಿನ ಹತ್ತಿರ ಹಿಡಿದರು. ಒಳಗೆ ಲವಂಗ ಇತ್ತು. "ಇವತ್ತಿಗೆ ಹತ್ತೊಂಬತ್ತು ದಿನ," ಎಂದರು, "ನಾಲ್ಕು ವಾರ ಅಂದ್ರೆ ಇಪ್ಪತ್ತೆಂಟೋ ಮೂವತ್ತೋ, ಸರಿಯಾಗಿ ಕೇಳಿ ಹೇಳು."